ಎಲ್ಲರ ಎಡಿಟರ್, ನನ್ನ ಫೈಲು

ಕೋಡ್ ಎಡಿಟರ್ ಹೊಸದಾಗಿ ಹಾಕಿಕೊಂಡವರು ಸಾಮಾನ್ಯವಾಗಿ ಮೊದಲು ಮಾಡುವ ಕೆಲಸ, ಬಲ್ಲವರೊಬ್ಬರ ಕಾನ್ಫಿಗರೇಶನ್ ಫೈಲನ್ನು ಇಡಿಯಾಗಿ ನಕಲು ಮಾಡಿಕೊಳ್ಳುವುದು. ಬಣ್ಣ, ಶಾರ್ಟ್‌ಕಟ್, ಪ್ಲಗಿನ್ ಎಲ್ಲ ಒಟ್ಟಿಗೇ ಬರುತ್ತವೆ. ಒಂದು ಶಾರ್ಟ್‌ಕಟ್ ಕೈಕೊಟ್ಟ ದಿನ ಮಾತ್ರ ಎಲ್ಲಿ ಹುಡುಕಬೇಕೆಂದೇ ತಿಳಿಯುವುದಿಲ್ಲ. ಈ ತಾಪತ್ರಯ ಹೊಸದಲ್ಲ.

1970ರ ದಶಕದಲ್ಲಿ ಅಮೆರಿಕದ ಎಂಐಟಿಯ ಕೃತಕ ಬುದ್ಧಿಮತ್ತೆ ಪ್ರಯೋಗಾಲಯದವರು ಟೆಕೋ ಎಂಬ ಎಡಿಟರ್ ಬಳಸುತ್ತಿದ್ದರು. ಅದರ ಆಜ್ಞೆಗಳು ಒಂದೆರಡು ಅಕ್ಷರದವು. ಅವನ್ನು ಪೋಣಿಸಿದರೆ ಮ್ಯಾಕ್ರೋ. ಒಂದು ಕೀಲಿಗೆ ಇಡೀ ಮ್ಯಾಕ್ರೋವನ್ನೇ ಜೋಡಿಸುವ ಸೌಲಭ್ಯವನ್ನು ರಿಚರ್ಡ್ ಸ್ಟಾಲ್ಮನ್ ಸೇರಿಸಿದರು. ಎಲ್ಲರೂ ತಮಗೆ ಬೇಕಾದಂತೆ ಬರೆದುಕೊಳ್ಳತೊಡಗಿದರು. ಕೊನೆಗೆ ಒಬ್ಬರ ಎಡಿಟರ್ ಇನ್ನೊಬ್ಬರ ಕೈಗೆ ಬಗ್ಗದಂತಾಯಿತು. ಸಹಾಯಕ್ಕೆಂದು ಪಕ್ಕದವರ ಟರ್ಮಿನಲ್ ಮುಂದೆ ಕೂತರೆ ಗೊತ್ತಿಲ್ಲದ ಊರಿಗೆ ಬಂದಂತೆ.

1976ರಲ್ಲಿ ಗೈ ಸ್ಟೀಲ್ ಈ ಮ್ಯಾಕ್ರೋಗಳನ್ನು ಒಗ್ಗೂಡಿಸಲು ಹೊರಟರು. ಕೆಲಸವನ್ನು ಪೂರ್ತಿ ಮಾಡಿದವರು ಸ್ಟಾಲ್ಮನ್. ಹುಟ್ಟಿದ್ದು ಈಮ್ಯಾಕ್ಸ್. ಇಷ್ಟದಂತೆ ತಿದ್ದಿಕೊಳ್ಳಬಹುದೆಂದು ಹೆಸರಾದ ಈ ಎಡಿಟರ್ ಮೊದಲು ಮಾಡಿದ್ದು ಎಲ್ಲರಿಗೂ ಸಮಾನವಾದ ಒಂದು ತಳಪಾಯ ಹಾಕುವ ಕೆಲಸ. ಅದರ ಮೇಲೆ ಅವರವರ ರುಚಿ. 1985ರಲ್ಲಿ ಹೊರಬಂದ ಗ್ನೂ ಈಮ್ಯಾಕ್ಸ್‌ನಲ್ಲಿ ಆ ರುಚಿಗೆ ಪ್ರತ್ಯೇಕ ಫೈಲೇ ಇತ್ತು. ಎಡಿಟರ್ ತೆರೆದಾಗಲೆಲ್ಲ ಅದನ್ನು ಓದಿಕೊಳ್ಳುತ್ತದೆ.

ಆದರೆ ಆ ತಳಪಾಯದಲ್ಲೂ ಯಾರದೋ ಕೈಗುರುತು ಇರುತ್ತದೆ. ಅದೇ 1976ರಲ್ಲಿ ಬರ್ಕ್ಲಿಯ ಬಿಲ್ ಜಾಯ್ ವಿಐ ಎಡಿಟರ್ ಬರೆಯತೊಡಗಿದರು. ಅವರು ಬಳಸುತ್ತಿದ್ದ ಎಡಿಎಂ-3ಎ ಟರ್ಮಿನಲ್ಲಿನಲ್ಲಿ ಬಾಣದ ಗುರುತುಗಳಿಗೆ ಬೇರೆ ಕೀಲಿಗಳಿರಲಿಲ್ಲ. ಎಚ್, ಜೆ, ಕೆ, ಎಲ್ ಕೀಲಿಗಳ ಮೇಲೆಯೇ ಅವನ್ನು ಅಚ್ಚು ಹಾಕಿದ್ದರು. ಬ್ರಾಮ್ ಮೂಲೆನಾರ್ 1991ರಲ್ಲಿ ಬಿಡುಗಡೆ ಮಾಡಿದ ವಿಮ್‌ನಲ್ಲೂ ಕರ್ಸರ್ ಓಡುವುದು ಆ ನಾಲ್ಕು ಅಕ್ಷರಗಳಿಂದಲೇ. ಟರ್ಮಿನಲ್ ಮೂಲೆಗೆ ಸೇರಿತು, ಅಭ್ಯಾಸ ಉಳಿಯಿತು.

ಹೊಸಬರಿಗೆ ಈ ಇತಿಹಾಸ ಹೇಳುವುದಿಷ್ಟೇ: ಖಾಲಿ ಫೈಲಿನಿಂದ ಶುರುಮಾಡಿ. ಎಡಿಟರ್ ಜೊತೆಗೇ ಬಂದ ಕೀಲಿಗಳಲ್ಲಿ ಕೆಲವು ದಿನ ಕೆಲಸ ಮಾಡಿ; ಏನು ತೊಡಕಾಯಿತೋ ಅದಕ್ಕೊಂದು ಸಾಲು ಸೇರಿಸಿ. ಯಾಕೆ ಸೇರಿಸಿದೆನೆಂದು ಪಕ್ಕದಲ್ಲೇ ಟಿಪ್ಪಣಿ ಬರೆಯಿರಿ. ಅನುವಾದದ ಕೆಲಸ ಮಾಡುವ ನನ್ನ ಈಮ್ಯಾಕ್ಸ್ ಫೈಲಿನ ಮೊದಲ ಸಾಲು ಇನ್‌ಸ್ಕ್ರಿಪ್ಟ್ ಕನ್ನಡ ಕೀಲಿಮಣೆಗೆ ಸಂಬಂಧಿಸಿದ್ದು. ಕಂಟ್ರೋಲ್ ಹಿಡಿದು ಬ್ಯಾಕ್‌ಸ್ಲ್ಯಾಶ್ ಒತ್ತಿದರೆ ಇಂಗ್ಲಿಷಿನಿಂದ ಕನ್ನಡಕ್ಕೆ ಬರುತ್ತೇನೆ. ನಿಮಗೆ ಆ ಸಾಲು ಬೇಕಾಗದೇ ಇರಬಹುದು. ಹಾಗಾದರೆ ಅದನ್ನು ನಕಲು ಮಾಡಿಕೊಳ್ಳಬೇಡಿ.