ಕರ್ನಾಟಕದಲ್ಲಿ ಅಧಿಕಾವಧಿ ವೇತನ

ಅಧಿಕಾವಧಿ ವೇತನವು ಕಾನೂನು ಗೊತ್ತುಪಡಿಸಿದ ಅವಧಿಯನ್ನು ಮೀರಿ ದುಡಿದ ಸಮಯಕ್ಕೆ ಸಲ್ಲಬೇಕಾದ ಹೆಚ್ಚಿನ ದರದ ವೇತನವಾಗಿದೆ. ಆಡುಮಾತಿನಲ್ಲಿ ಇದನ್ನು ಓವರ್‌ಟೈಮ್ ಅಥವಾ ಓ.ಟಿ. ಎನ್ನುತ್ತಾರೆ. ಕರ್ನಾಟಕದಲ್ಲಿ ಈ ಹಕ್ಕು ಮುಖ್ಯವಾಗಿ ಕೆಲಸದ ಸ್ವರೂಪವನ್ನು ಅವಲಂಬಿಸಿದೆ. ಉತ್ತರ ಕನ್ನಡ ಜಿಲ್ಲೆಯ ಶಿರಸಿ, ಸಿದ್ದಾಪುರ ಮತ್ತು ಯಲ್ಲಾಪುರ ತಾಲ್ಲೂಕುಗಳಲ್ಲಿ ಅಡಿಕೆಯನ್ನೇ ಆಧರಿಸಿದ ತೋಟ, ಅಂಗಡಿ ಹಾಗೂ ಕಾರ್ಖಾನೆಗಳಿಗೂ ಬೇರೆ ಬೇರೆ ನಿಯಮಗಳು ಅನ್ವಯಿಸುತ್ತವೆ.

ಕಾರ್ಖಾನೆಗಳು

1948ರ ಕಾರ್ಖಾನೆಗಳ ಕಾಯ್ದೆಯ 59ನೇ ಕಲಂ, ದಿನಕ್ಕೆ 9 ಅಥವಾ ವಾರಕ್ಕೆ 48 ಗಂಟೆ ಮೀರಿದ ದುಡಿಮೆಗೆ ಸಾಮಾನ್ಯ ದರದ ಎರಡು ಪಟ್ಟು ವೇತನವನ್ನು ವಿಧಿಸಿತ್ತು. ಇದರ ಸ್ಥಾನದಲ್ಲಿ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆ, 2020 ಎಂಬ ಕಾನೂನು 2025ರ ನವೆಂಬರ್ 21ರಂದು ಜಾರಿಗೆ ಬಂದಿತು. ಇದರಲ್ಲಿ ದಿನದ ಮಿತಿ 8 ಗಂಟೆಯಾಗಿದ್ದು, ಎರಡು ಪಟ್ಟು ದರ ಮುಂದುವರಿದಿದೆ. ಹೆಚ್ಚುವರಿ ದುಡಿಮೆಗೆ ಕಾರ್ಮಿಕರ ಒಪ್ಪಿಗೆಯೂ ಅಗತ್ಯ.

ವೇತನ ಮಿತಿ

ವ್ಯವಸ್ಥಾಪಕ ಹಾಗೂ ಆಡಳಿತಾತ್ಮಕ ಹುದ್ದೆಯವರು ಈ ಸಂಹಿತೆಯ ‘ಕಾರ್ಮಿಕ’ ವ್ಯಾಖ್ಯೆಗೆ ಒಳಪಡುವುದಿಲ್ಲ. ತಿಂಗಳಿಗೆ 18,000 ರೂಪಾಯಿಗಿಂತ ಹೆಚ್ಚು ವೇತನ ಪಡೆಯುವ ಮೇಲ್ವಿಚಾರಕರೂ ಅದರಿಂದ ಹೊರಗಿರುತ್ತಾರೆ. ಗುಮಾಸ್ತರು, ತಂತ್ರಜ್ಞರು ಮತ್ತು ಕೈಕೆಲಸದವರಿಗೆ ಇಂತಹ ವೇತನ ಮಿತಿಯಿಲ್ಲ. ಹುದ್ದೆಯ ಹೆಸರಿಗಿಂತ ವಾಸ್ತವವಾಗಿ ನಿರ್ವಹಿಸುವ ಪ್ರಧಾನ ಕೆಲಸವನ್ನೇ ನ್ಯಾಯಾಲಯಗಳು ಪರಿಗಣಿಸುತ್ತವೆ.

ಅಂಗಡಿಗಳು

ಅಂಗಡಿ ಮತ್ತು ಕಚೇರಿಗಳ ನೌಕರರಿಗೆ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ, 1961 ಅನ್ವಯಿಸುತ್ತದೆ. ಇದು ರಾಜ್ಯದ ಕಾನೂನಾದ್ದರಿಂದ ಕೇಂದ್ರದ ಸಂಹಿತೆಗಳಿಂದ ರದ್ದಾಗಿಲ್ಲ. ಇದರ 8ನೇ ಕಲಂ ಕೂಡ ಎರಡು ಪಟ್ಟು ವೇತನವನ್ನು ವಿಧಿಸುತ್ತದೆ. ವ್ಯವಸ್ಥಾಪಕ ಹುದ್ದೆಯವರಿಗೆ ಇದರಿಂದ ವಿನಾಯಿತಿಯಿದೆ.

ಅಡಿಕೆ ತೋಟಗಳು

1951ರ ತೋಟ ಕಾರ್ಮಿಕರ ಕಾಯ್ದೆಯು ಚಹಾ, ಕಾಫಿ, ರಬ್ಬರ್, ಸಿಂಕೋನಾ ಮತ್ತು ಏಲಕ್ಕಿಯನ್ನು ಹೆಸರಿಸಿತ್ತು. ಅಡಿಕೆ ಆ ಪಟ್ಟಿಯಲ್ಲಿರಲಿಲ್ಲ. ಕೃಷಿ ಕಾರ್ಮಿಕರಿಗೆ ಕನಿಷ್ಠ ವೇತನದ ಕಾನೂನೇ ಮುಖ್ಯ ಆಧಾರ. ವೇತನ ಸಂಹಿತೆ, 2019ರ 14ನೇ ಕಲಂ, ಗಂಟೆ, ದಿನ ಅಥವಾ ತಿಂಗಳ ಲೆಕ್ಕದಲ್ಲಿ ಕನಿಷ್ಠ ವೇತನ ನಿಗದಿಯಾದವರಿಗೆ ಅಧಿಕಾವಧಿಯ ಎರಡು ಪಟ್ಟು ವೇತನವನ್ನು ನೀಡುತ್ತದೆ. ಕೊಯ್ಲಿನ ಕಾಲದಲ್ಲಿ ಹಸಿ ಅಡಿಕೆಯನ್ನು ಬೇಗನೆ ಸುಲಿಯಬೇಕಾದ್ದರಿಂದ ಕೆಲಸ ರಾತ್ರಿಯವರೆಗೂ ಸಾಗುವುದುಂಟು. ಸುಲಿತದ ಕೂಲಿಯನ್ನು ಸಾಮಾನ್ಯವಾಗಿ ಸುಲಿದ ಪ್ರಮಾಣಕ್ಕೆ ತಕ್ಕಂತೆ ಕೊಡುವುದರಿಂದ ದುಡಿದ ಗಂಟೆಗಳ ಲೆಕ್ಕ ಉಳಿಯುವುದಿಲ್ಲ. ಹಕ್ಕನ್ನು ಸಾಬೀತುಪಡಿಸುವುದು ಕಷ್ಟವಾಗುತ್ತದೆ.

ಬಾಕಿ ವೇತನಕ್ಕೆ ಅರ್ಜಿ

1948ರ ಕನಿಷ್ಠ ವೇತನ ಕಾಯ್ದೆಯಲ್ಲಿ ಬಾಕಿ ವೇತನದ ಅರ್ಜಿಗೆ 6 ತಿಂಗಳ ಗಡುವಿತ್ತು. ವೇತನ ಸಂಹಿತೆ ಅದನ್ನು 3 ವರ್ಷಕ್ಕೆ ಹೆಚ್ಚಿಸಿದೆ. ಬಾಕಿಯನ್ನು ಪಾವತಿಸಲಾಗಿದೆ ಎಂದು ರುಜುವಾತುಪಡಿಸುವ ಹೊಣೆ ಉದ್ಯೋಗದಾತರದು.