ಬೆಂಗಳೂರು ಗಾಲ್ಫ್ ಕ್ಲಬ್

ಬೆಂಗಳೂರಿನ ಹೈಗ್ರೌಂಡ್ಸ್‌ನಲ್ಲಿರುವ 18 ಕುಳಿಗಳ ಗಾಲ್ಫ್ ಮೈದಾನ, ಸ್ಥಾಪನೆ 1876. ಬ್ರಿಟನ್ನಿನ ಹೊರಗಿನ ಅತ್ಯಂತ ಹಳೆಯ ಕ್ಲಬ್ ಎನಿಸಿದ ಕೋಲ್ಕತ್ತದ ರಾಯಲ್ ಕ್ಯಾಲ್ಕಟ್ಟಾಗಿಂತ (1829) ಇದು 47 ವರ್ಷ ಕಿರಿಯದು. ಸ್ಕಾಟ್ಲೆಂಡಿನ ಕಡಲಂಚಿನ ಮೈದಾನಗಳಲ್ಲಿ ಮರಳದಿಬ್ಬ ಮತ್ತು ಗಾಳಿ ಆಟವನ್ನು ಕಠಿಣಗೊಳಿಸಿದರೆ, ಒಳನಾಡಿನ ಪಾರ್ಕ್‌ಲ್ಯಾಂಡ್ ಮಾದರಿಯ ಇಂಥ ಮೈದಾನದಲ್ಲಿ ಆ ಕೆಲಸ ಮರಗಳದು. ಜಾಗ ಕಿರಿದು, ಸುತ್ತ ದಟ್ಟ ಸಂಚಾರದ ರಸ್ತೆಗಳು. ಹಾಗಾಗಿ ಇಲ್ಲಿ ದೂರ ಹೊಡೆಯುವ ತೋಳ್ಬಲಕ್ಕಿಂತ ಚೆಂಡನ್ನು ನೇರವಾಗಿ ಇಡುವ ಹಿಡಿತಕ್ಕೇ ಹೆಚ್ಚು ಬೆಲೆ. ನಗರದ ನಡುವೆ ಉಳಿದಿರುವ ಈ ಹಸಿರು ಆಡದವರಿಗೂ ಅಮೂಲ್ಯ.

ಅತಿಥಿಯಾಗಿ ಆಡಬಯಸುವವರು ಮೊದಲೇ ಸಮಯ ಕಾಯ್ದಿರಿಸಿ, ಕಾಲರ್ ಇರುವ ಅಂಗಿ ತೊಟ್ಟು ಬರುವುದು ಗಾಲ್ಫ್ ಕ್ಲಬ್ಬುಗಳ ಸಾಮಾನ್ಯ ರೂಢಿ. ನಿಯಮದಂತೆ ಒಬ್ಬರು 14ಕ್ಕಿಂತ ಹೆಚ್ಚು ಕೋಲು ಒಯ್ಯುವಂತಿಲ್ಲ. ಕುಳಿಯ ವ್ಯಾಸ 108 ಮಿಲಿಮೀಟರ್. 18 ಕುಳಿ ಮುಗಿಸಲು ಸುಮಾರು ನಾಲ್ಕು ಗಂಟೆ ನಡೆಯಬೇಕು. ಏಟಿಗೆ ಕಿತ್ತ ಹುಲ್ಲುಹೆಂಟೆಯನ್ನು ಮತ್ತೆ ಕೂರಿಸುವುದು, ಮರಳುಗುಂಡಿಯಲ್ಲಿ ಮೂಡಿದ ಹೆಜ್ಜೆಗಳನ್ನು ಸಮಮಾಡುವುದು ಆಟಗಾರರದೇ ಹೊಣೆ.

ಮೈದಾನದ ದಾರಿ, ಇಳಿಜಾರು, ಹುಲ್ಲಿನ ಗುಣ ಬಲ್ಲವರು ಆಟಗಾರರ ಕೋಲು ಹೊರುವ ಕ್ಯಾಡಿಗಳು. ಬಿಡದಿಯ ಈಗಲ್‌ಟನ್ ಮೈದಾನದಲ್ಲಿ ಕ್ಯಾಡಿಯಾಗಿದ್ದ ಹಳ್ಳಿಯ ಹುಡುಗ ಎಸ್. ಚಿಕ್ಕರಂಗಪ್ಪ ಮುಂದೆ ವೃತ್ತಿಪರ ಗಾಲ್ಫರ್ ಆದರು. ಈ ಭಾಗದ ಇನ್ನೊಬ್ಬ ಗಾಲ್ಫರ್, ಬೆಂಗಳೂರಿನ ಅದಿತಿ ಅಶೋಕ್, ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯ ಸ್ಥಾನ ಪಡೆದರು.