ಸಾಯಲೊಪ್ಪದ ಜೀವಕೋಶ: ಪ್ರಾಸ್ಟೇಟ್ ಕ್ಯಾನ್ಸರ್ ಸಂಶೋಧನೆಯ ಚರಿತ್ರೆ

ಚಳಿಗಾಲದ ಕೊನೆಗೆ ಸುಳ್ಯ, ಕಡಬ ಭಾಗದ ರಬ್ಬರ್ ತೋಟಗಳಲ್ಲಿ ಎಲೆಗಳು ಉದುರುತ್ತವೆ. ಹಿಂದೆಯೇ ಹೊಸ ಚಿಗುರು ಬರುತ್ತದೆ. ನಮ್ಮ ದೇಹದಲ್ಲಿಯೂ ಹಳೆಯ, ಕೆಟ್ಟ ಜೀವಕೋಶಗಳು ಹೀಗೆಯೇ ಕ್ರಮವಾಗಿ ಸಾಯುತ್ತವೆ. 1972ರಲ್ಲಿ ಕೆರ್, ವಿಲ್ಲಿ ಮತ್ತು ಕರಿ ಎಂಬ ವಿಜ್ಞಾನಿಗಳು ಇದಕ್ಕೆ 'ಅಪೊಪ್ಟೋಸಿಸ್' ಎಂದು ಹೆಸರಿಟ್ಟರು. ಎಲೆ ಉದುರುವುದಕ್ಕೆ ಬಳಸುವ ಗ್ರೀಕ್ ಪದವಿದು. ಸಾಯಬೇಕಾದ ಕೋಶ ಸಾಯದೆ ಹೆಚ್ಚುತ್ತಾ ಹೋದರೆ ಅದು ಕ್ಯಾನ್ಸರಿಗೆ ದಾರಿ.

ಗಂಡಸರ ಮೂತ್ರಕೋಶದ ಕೆಳಗಿರುವ ಪ್ರಾಸ್ಟೇಟ್ ಗ್ರಂಥಿಯ ಕೋಶಗಳಿಗೆ 'ಬದುಕು' ಎಂಬ ಸಂಕೇತ ಬರುವುದು ಮುಖ್ಯವಾಗಿ ಪುರುಷ ಹಾರ್ಮೋನಿನಿಂದ. 1941ರಲ್ಲಿ ಷಿಕಾಗೋದ ವೈದ್ಯ ಚಾರ್ಲ್ಸ್ ಹಗಿನ್ಸ್ ಈ ಹಾರ್ಮೋನನ್ನು ತಡೆದರೆ ಹರಡಿದ ರೋಗವೂ ತಗ್ಗುವುದೆಂದು ತೋರಿಸಿದರು. ಇದಕ್ಕಾಗಿ 1966ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ದೊರೆಯಿತು. ಆದರೆ ಹಲವರಲ್ಲಿ ರೋಗ ಮತ್ತೆ ಮರಳುತ್ತಿತ್ತು. ಏಕೆ?

ಉತ್ತರ ನಿಧಾನವಾಗಿ ದೊರೆಯಿತು. 'ಬಿ.ಸಿ.ಎಲ್.-2' ಎಂಬ ಜೀನ್ ಕೋಶವನ್ನು ಸಾಯಗೊಡುವುದಿಲ್ಲವೆಂದು 1988ರಲ್ಲಿ ಮೆಲ್ಬರ್ನ್‌ನ ವಿಜ್ಞಾನಿಗಳು ಕಂಡುಕೊಂಡರು. 1997ರಲ್ಲಿ 'ಪಿಟೆನ್' ಎಂಬ ಜೀನ್ ಪತ್ತೆಯಾಯಿತು. ಇದು ಬದುಕುವ ಸಂಕೇತಕ್ಕೆ ಬ್ರೇಕ್ ಇದ್ದಂತೆ. ಪ್ರಾಸ್ಟೇಟ್ ಕ್ಯಾನ್ಸರಿನಲ್ಲಿ ಅನೇಕ ವೇಳೆ ಈ ಬ್ರೇಕೇ ಕೆಟ್ಟಿರುತ್ತದೆ. ಒಂದು ದಾರಿ ಮುಚ್ಚಿದರೆ ಕೋಶ ಇನ್ನೊಂದು ದಾರಿ ಹಿಡಿಯುತ್ತದೆ. ಆದ್ದರಿಂದ ರೋಗ ಗ್ರಂಥಿಯೊಳಗೆ ಇರುವಾಗಲೇ ಪತ್ತೆಯಾಗುವುದು ಲೇಸು.

ನಮ್ಮ ರಾಜ್ಯದಲ್ಲಿ, ಸ್ವಾತಂತ್ರ್ಯ ಹೋರಾಟಗಾರ ಹಾಗೂ ಕೇಂದ್ರ ಸಚಿವ ರಫಿ ಅಹ್ಮದ್ ಕಿದ್ವಾಯಿ ಅವರ ಹೆಸರಿನ ಕ್ಯಾನ್ಸರ್ ಸಂಸ್ಥೆ 1973ರಲ್ಲಿ ಬೆಂಗಳೂರಿನಲ್ಲಿ ಆರಂಭವಾಯಿತು. 1982ರಿಂದ ಬೆಂಗಳೂರಿನ ಕ್ಯಾನ್ಸರ್ ರೋಗಿಗಳ ಲೆಕ್ಕ ಅಲ್ಲಿ ದಾಖಲಾಗುತ್ತಿದೆ. ನಗರದ ಗಂಡಸರನ್ನು ಹೆಚ್ಚಾಗಿ ಕಾಡುವ ಕ್ಯಾನ್ಸರುಗಳಲ್ಲಿ ಪ್ರಾಸ್ಟೇಟ್ ಕೂಡ ಸೇರಿದೆ.

ನಮ್ಮ ಹಿರಿಯರು ಮೂತ್ರದ ತೊಂದರೆಯನ್ನು ನಾಚಿಕೆಯಿಂದ ಮುಚ್ಚಿಡುತ್ತಾರೆ. ರಾತ್ರಿ ಪದೇ ಪದೇ ಏಳುವುದನ್ನು ವಯಸ್ಸಿನ ಕಾಟವೆಂದು ಸಹಿಸುತ್ತಾರೆ. ಇದೆಲ್ಲವೂ ಕ್ಯಾನ್ಸರ್ ಅಲ್ಲ. ಗ್ರಂಥಿ ಸುಮ್ಮನೆ ದೊಡ್ಡದಾಗಿರಲೂಬಹುದು. ಇನ್ನೊಂದೆಡೆ, ಆರಂಭದ ಕ್ಯಾನ್ಸರ್ ಯಾವ ಲಕ್ಷಣವನ್ನೂ ತೋರದಿರಬಹುದು. ಪಿ.ಎಸ್.ಎ. ಎಂಬ ರಕ್ತ ಪರೀಕ್ಷೆ ಬೇಕೇ ಎಂಬುದನ್ನು ವೈದ್ಯರೇ ಹೇಳಬೇಕು.

ವಿದ್ಯಾರ್ಥಿಗಳೇ, ವಿಜ್ಞಾನದ ಪಾಠ ಪರೀಕ್ಷೆಯ ಅಂಕಗಳಿಗಷ್ಟೇ ಅಲ್ಲ. ನಿಮ್ಮ ಅಜ್ಜನ ಬಳಿ ಕುಳಿತು ಆರೋಗ್ಯ ವಿಚಾರಿಸಿ, ಸಂಕೋಚ ಬಿಡಿಸಿ, ವೈದ್ಯರ ಬಳಿಗೆ ಜೊತೆಯಾಗಿ ಹೋಗಿ. ಕಲಿತ ವಿದ್ಯೆ ಮನೆಗೆ ಬೆಳಕಾಗುವುದು ಹೀಗೆಯೇ.